ಅಂಗೈಯಲ್ಲಿ ತೂಗಿದ ಗುಂಡು

ಬೆಳಿಗ್ಗೆ ಏಳು ಗಂಟೆಗೆಲ್ಲ ನಮ್ಮ ಬೀದಿಯಲ್ಲಿ ಅರದ ಸದ್ದು ಶುರುವಾಗುತ್ತದೆ. ಸೇಲಂನ ಬೆಳ್ಳಿ ಕೆಲಸದ ಬೀದಿಗಳಲ್ಲಿ ಬಾಳಿದವರಿಗೆ ಅದು ಕಾಗೆ ಕೂಗಿದ ಹಾಗೆ, ಕೇಳಿಸಿದರೂ ಕೇಳಿಸದ ಸದ್ದು. ಪಕ್ಕದ ಮನೆಯ ಸೆಲ್ವಂ ಜಗಲಿಯ ಮೇಲೆ ಕೂತು ಕಾಲ್ಗೆಜ್ಜೆಯ ಬೆಸುಗೆಯ ಒರಟನ್ನು ಅರದಿಂದ ಉಜ್ಜುತ್ತಾನೆ. ಉಜ್ಜಿದ ಲೋಹಕ್ಕೆ ಒಂದು ವಾಸನೆ ಇದೆ, ನೀವು ಗಮನಿಸಿದ್ದೀರೋ ಇಲ್ಲವೋ. ಹಳೆಯ ಕಾಸನ್ನು ನಾಲಿಗೆಗೆ ತಾಗಿಸಿದ ಹಾಗೆ, ಸ್ವಲ್ಪ ಹುಳಿ, ಸ್ವಲ್ಪ ರಕ್ತ.

ಮೊನ್ನೆ ಬೆಳಿಗ್ಗೆ ಅವನು ಒಂದು ಗೆಜ್ಜೆಯನ್ನು ನನ್ನ ಮುಂದೆ ಹಿಡಿದ. ಎರಡು ಮಕ್ಕಳ ತಂದೆಯಾದರೂ ನನ್ನ ಹತ್ತಿರ ಸಲಿಗೆ.

“ತಾತಾ, ನೀವು ಆ ಕಾಲ್ದಲ್ಲಿ ಕೈಯಾಗೆ ಇಟ್ಕೊಂಡೇ ತೂಕ ಏಳ್ತಿದ್ರಂತೆ. ನಮ್ಮಪ್ಪ ಏಳ್ತಿದ್ದ. ಇದು ಎಷ್ಟೈತೆ ಏಳಿ, ಪಾಕ್ಕಲಾಂ, ನೋಡಾಣ.”

ನಾನು ಕೂಗಾಡಿದೆ. ನಿನ್ನ ಕೆಲಸ ನೀನು ನೋಡಿಕೋ, ಮುದುಕರನ್ನು ಆಟಕ್ಕೆ ಕರೆಯಬೇಡ, ಬೆಳಗಾದರೆ ಕಿವಿಯ ಹತ್ತಿರ ಕರಕರ ಮಾಡಲು ನಿನಗೆ ಬೇರೆ ಜಾಗ ಇಲ್ಲವೇ ಎಂದೆಲ್ಲ ಅಂದೆ. ಬೀದಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು ತಿರುಗಿ ನೋಡಿದರು. ಸೆಲ್ವಂ ಗೆಜ್ಜೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಎನ್ನಾ ತಾತಾ, ತೂಕ ತಾನೇ ಕೇಳ್ದೆ? ಮನೆ ಬರ್ಕೊಡಿ ಅಂದೋನ್ ತರ ಸಿಡುಕ್ತೀರಲ್ಲ” ಅಂದ.

ಸರಿಯಾಗಿಯೇ ಹೇಳಿದ. ನನ್ನ ಸಿಟ್ಟು ಅವನ ಮೇಲಿನದಲ್ಲ. ಎಪ್ಪತ್ತು ದಾಟಿದ ಮೇಲೆ ಮನುಷ್ಯ ಶಾಂತನಾಗುತ್ತಾನೆ ಎಂದು ಹೇಳುವವರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ನನ್ನೊಳಗಿನದು ಐವತ್ತು ವರ್ಷದಿಂದ ಕಾದೇ ಇದೆ. ಅದು ಎಲ್ಲಿಂದ ಹೊತ್ತಿಕೊಂಡಿತು ಎಂದು ಈಗ ಹೇಳಿಬಿಡುತ್ತೇನೆ. ನೀವು ಪಕ್ಕದಲ್ಲಿ ಕೂತು ಕೇಳಿ. ನಡುವೆ ಸಮಾಧಾನ ಹೇಳಬೇಡಿ.

ಆಗ ಧರ್ಮಪುರಿ ಬೇರೆ ಜಿಲ್ಲೆಯಾಗಿರಲಿಲ್ಲ. ಕಾವೇರಿಯ ದಡದವರೆಗೆ ಎಲ್ಲವೂ ಸೇಲಂ ಜಿಲ್ಲೆಯೇ. ನಾನು ಕಾರಿಮಂಗಲಂ ಕಡೆಯ ಹಳ್ಳಿಯಿಂದ ಬಂದು, ಸೇಲಂನಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದ ಸೋದರಮಾವನ ಮನೆಯಲ್ಲಿ ಉಂಡು, ಎಸ್.ಎಸ್.ಎಲ್.ಸಿ. ಮುಗಿಸಿದೆ. ಮಾವ ಊಟಕ್ಕೆ ಬದಲಾಗಿ ನನ್ನ ಕೈಗೆ ಅರ ಕೊಟ್ಟಿದ್ದ. ಹಾಗಾಗಿ ನನಗೆ ಎರಡು ವಿದ್ಯೆ ಬಂದವು, ಇಂಗ್ಲಿಷು ಮತ್ತು ಉಜ್ಜುವುದು. ಈ ಎರಡನ್ನೂ ಒಟ್ಟಿಗೆ ಕೇಳುವ ಕೆಲಸ ಭೂಮಿಯ ಮೇಲೆ ಇರಲಾರದು ಎಂದು ಮಾವ ಅಣಕಿಸುತ್ತಿದ್ದ. ಇತ್ತು. ಊರಿನ ಒಂದು ಕೋವಿ ಅಂಗಡಿಯಲ್ಲಿ ನನಗೆ ಗುಮಾಸ್ತೆ ಕೆಲಸ ಸಿಕ್ಕಿತು.

ಅಂಗಡಿಯ ತುಂಬ ರಂಗೂನ್ ಎಣ್ಣೆಯ ವಾಸನೆ. ಕೋವಿಗಳಿಗೆ ಆ ಎಣ್ಣೆ ಸವರುವುದು, ಬಿಳಿಯರ ಸೀಮೆಯಿಂದ ಬಂದ ಕ್ಯಾಟಲಾಗು ಓದಿ ಗಿರಾಕಿಗೆ ಅರ್ಥ ಹೇಳುವುದು ನನ್ನ ಕೆಲಸ. ಒಂದು ಪ್ರಾಣಿಯನ್ನೂ ಕೊಲ್ಲದ ನಾನು ಯಾವ ಪ್ರಾಣಿಗೆ ಯಾವ ಗುಂಡು ಎಂಬುದನ್ನು ಬಾಯಿಪಾಠ ಮಾಡಿದ್ದೆ. ಗಿರಾಕಿಗಳ ಮುಂದೆ ಅದನ್ನು ಒಪ್ಪಿಸುವಾಗ ಧ್ವನಿಯನ್ನು ಸ್ವಲ್ಪ ತಗ್ಗಿಸುತ್ತಿದ್ದೆ. ಕಾಡು ಕಂಡವರು ಹಾಗೆ ಮಾತಾಡುತ್ತಾರೆ ಎಂದು ನನ್ನ ಲೆಕ್ಕ.

ಈ ಗುಂಡಿನ ವಿಷಯ ನಿಮಗೂ ಸ್ವಲ್ಪ ತಿಳಿದಿರಬೇಕು, ಇಲ್ಲವಾದರೆ ನನ್ನ ಪಾಪದ ಆಕಾರ ಗೊತ್ತಾಗುವುದಿಲ್ಲ. ನಳಿಗೆ ಸಣ್ಣದಾದ ರೈಫಲುಗಳು ಜಿಂಕೆಗೆ. ಆನೆಗೆಂದೇ ಮಾಡಿದ ದೊಡ್ಡ ಜೋಡಿನಳಿಗೆಗಳು ರಾಜರಿಗೆ. ಇವೆರಡರ ನಡುವಿನ ಗಾತ್ರದ್ದು, ಮುನ್ನೂರ ಎಪ್ಪತ್ತೈದು ಎಂದು ಕರೆಯುವ ರೈಫಲು, ನಮ್ಮ ಕಡೆಯ ಸ್ಥಿತಿವಂತರಿಗೆ ಪ್ರಿಯ. ಒಂದೇ ಕೋವಿಯಲ್ಲಿ ಕಡವೆಯಿಂದ ಕಾಡುಕೋಣದವರೆಗೆ ಎಲ್ಲ ಆಗುತ್ತದೆ ಎಂಬ ಆಸೆ. ಆಗುತ್ತದೆ, ಆದರೆ ಗುಂಡನ್ನು ಸರಿಯಾಗಿ ಆರಿಸಿದರೆ ಮಾತ್ರ. ದೊಡ್ಡ ನಳಿಗೆಯದು ಆರಿಸಿದವನ ತಪ್ಪನ್ನು ತನ್ನ ತೂಕದಲ್ಲೇ ನುಂಗಿಕೊಳ್ಳುತ್ತದೆ. ನಡುಗಾತ್ರದ್ದು ನುಂಗುವುದಿಲ್ಲ.

ಹುಲಿ, ಚಿರತೆ, ಕಡವೆಗೆ ಮೂತಿಯಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡು ಬೇಕು. ಮೈಯೊಳಗೆ ಹೊಕ್ಕ ಮೇಲೆ ಅದು ಅರಳುತ್ತದೆ. ಕಾಡುಕೋಣಕ್ಕೆ, ನಮ್ಮವರು ಕಾಟಿ ಎನ್ನುತ್ತಾರೆ, ಅರಳುವ ಗುಂಡು ಬೇಡ. ಅದರ ಹೆಗಲ ಮೂಳೆ ಒನಕೆಯಷ್ಟು ದಪ್ಪ. ಅರಳುವ ಗುಂಡು ಅಲ್ಲೇ ಚಪ್ಪಟೆಯಾಗಿ ನಿಂತುಬಿಡುತ್ತದೆ. ಅದಕ್ಕೆ ಮೂತಿಯ ತುದಿಯವರೆಗೂ ಗಟ್ಟಿ ಲೋಹದ ಹೊದಿಕೆ ಇರುವ ಭಾರದ ಗುಂಡು ಬೇಕು. ಅದು ಮೂಳೆ ಮುರಿದು, ಹೃದಯ ಹಾಯ್ದು, ಆಚೆ ಬದಿಯಲ್ಲಿ ಹೊರಗೆ ಬರುತ್ತದೆ.

ಕಾಟಿ ಹೊಡೆಯುವವರು ಕಡಿಮೆ. ಹಾಗಾಗಿ ಅಂಗಡಿಯಲ್ಲಿ ಮದ್ದಿನ ಕೊಳವೆಗೆ ಗಟ್ಟಿ ಗುಂಡು ಕೂರಿಸಿದ ತೋಟಾಗಳು ಬಿದ್ದಿರುತ್ತಿದ್ದವು, ಮೆತ್ತನೆಯವು ಹಡಗಿನಲ್ಲಿ ಬಂದ ತಿಂಗಳಲ್ಲೇ ಮುಗಿಯುತ್ತಿದ್ದವು. ಒಂದು ಬೇಸಿಗೆ ಅಂಗಡಿಯ ಯಜಮಾನರು ನನ್ನ ಕೈ ನೋಡಿ, “ನೀನು ಬೆಳ್ಳಿ ಮನೆಯವನಲ್ಲವೇ, ಗಟ್ಟೀದರ ಮೂತಿ ಸವೆಸಿ ಮೆತ್ತಗೆ ಮಾಡು” ಎಂದರು. ಮಾಡಿದೆ. ಮೂತಿಯ ಹೊದಿಕೆಯನ್ನು ಉಜ್ಜಿ ತೆಗೆದರೆ ಒಳಗಿನ ಸೀಸ ಕಾಣುತ್ತದೆ. ಆಗ ಅದೂ ಅರಳುವ ಗುಂಡೇ. ಅಪಾಯದ ಕೆಲಸ ಎಂದು ಕ್ಯಾಟಲಾಗಿನಲ್ಲೇ ಬರೆದಿತ್ತು. ಆ ಸಾಲನ್ನು ನಾನು ಯಾವ ಗಿರಾಕಿಗೂ ಓದಿ ಹೇಳಲಿಲ್ಲ.

ಉಜ್ಜಿದವು ಉಜ್ಜದವುಗಳಲ್ಲಿ ಬೆರೆಯಬಾರದೆಂದು ಒಂದು ಉಪಾಯ ಮಾಡಿದ್ದೆ. ಕಂಡ ಸೀಸದ ಮೇಲೆ ಕೆಂಪು ಅರಗಿನ ಒಂದು ಬೊಟ್ಟು ಇಡುತ್ತಿದ್ದೆ. ಕೆಂಪು ಇದ್ದರೆ ಹುಲಿಗೆ, ಇಲ್ಲದಿದ್ದರೆ ಕಾಟಿಗೆ. ಎಷ್ಟು ಜಾಣ ನೋಡಿ.

ನಮ್ಮ ದೊಡ್ಡ ಗಿರಾಕಿ ಓಮಲೂರು ಕಡೆಯ ಒಬ್ಬ ಮಿಟ್ಟಾದಾರರು. ಹತ್ತಾರು ಹಳ್ಳಿಗಳ ಕಂದಾಯ ಎತ್ತುವ ಮನೆತನ, ಊರವರ ಬಾಯಲ್ಲಿ ದೊರೆ. ಒಮ್ಮೆ ಅವರ ಹಜಾರದಲ್ಲಿ ನೆಂಟರ ಮುಂದೆ ನಾನು ಎರಡು ತೋಟಾಗಳನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು, “ಬಲಗೈಯದು ಉಜ್ಜಿದ್ದು, ತೂಕ ಕಡಿಮೆ” ಎಂದುಬಿಟ್ಟೆ. ಕಣ್ಣು ಕಟ್ಟಿ ಕೊಟ್ಟರು, ಆಗಲೂ ಹೇಳಿದೆ. ಮಿಟ್ಟಾದಾರರು ತೊಡೆ ತಟ್ಟಿ ನಕ್ಕರು. ಅಂದಿನಿಂದ ನನಗೆ ತಕ್ಕಡಿ ಎಂದು ಹೆಸರಾಯಿತು. ನೆಂಟರು ಬಂದಾಗಲೆಲ್ಲ “ಕೂಪ್ಪಿಡು ತಕ್ಕಡಿಯನ್ನ” ಎಂದು ನನ್ನನ್ನು ಕರೆತರಲು ಆಳು ಕಳಿಸುತ್ತಿದ್ದರು. ನಾನು ಹೋಗುತ್ತಿದ್ದೆ, ಬಾಲ ಅಲ್ಲಾಡಿಸುತ್ತ. ಸೇಲಂನ ಬೆಳ್ಳಿ ಬೀದಿಗೂ ಆ ಖ್ಯಾತಿ ಬಂತು. ಸೆಲ್ವಂನ ಅಪ್ಪ ಕೇಳಿದ್ದು ಅದನ್ನೇ.

ಈಗ ಕೇಳಿ. ನನಗೆ ತೂಕ ಗೊತ್ತಾಗುತ್ತಿರಲಿಲ್ಲ. ಉಜ್ಜಿ ಹೋದ ಲೋಹ ಒಂದೆರಡು ಗುಲಗಂಜಿಯಷ್ಟು. ಅದನ್ನು ಯಾವ ಮನುಷ್ಯನ ಅಂಗೈಯೂ ಹಿಡಿಯಲಾರದು. ಮುಷ್ಟಿ ಮುಚ್ಚುವಾಗ ಹೆಬ್ಬೆರಳಿನ ತುದಿಯಿಂದ ಮೂತಿಯನ್ನು ಮುಟ್ಟಿ ನೋಡುತ್ತಿದ್ದೆ. ಅರಗಿನ ಬೊಟ್ಟು ಬೆರಳಿಗೆ ನುಣ್ಣಗೆ ಹತ್ತುತ್ತಿತ್ತು. ಅಷ್ಟೇ ನನ್ನ ವಿದ್ಯೆ. ಈ ಮಾತನ್ನು ಹೆಂಡತಿಗೂ ಹೇಳದೆ ಅವಳನ್ನು ಮಸಣಕ್ಕೆ ಕಳಿಸಿಕೊಟ್ಟೆ.

ಮಿಟ್ಟಾದಾರರ ಬೇಟೆಗೆ ಜಾಡು ಹಿಡಿಯುವವರು ನನ್ನ ಅಕ್ಕನ ಗಂಡ, ಮಾದಪ್ಪ ಬಾವ. ಪೆನ್ನಾಗರಂನ ಆಚೆ, ಕಾವೇರಿ ಕಣಿವೆಯ ಮೇಲಿನ ಕಾಡಿನ ಅಂಚಿನಲ್ಲಿ ರಾಗಿ ಹೊಲ ಇದ್ದವರು. ಎತ್ತರದ ಆಳು, ಮಾತು ಕಡಿಮೆ. ಅಂದರೆ ಹೊರಗಿನವರ ಹತ್ತಿರ ಕಡಿಮೆ. ನನ್ನನ್ನು ಕಂಡರೆ, “ಬಂದ್ನಪ್ಪ ಇಂಗ್ಲೀಸು ಗುಂಡು, ಸದ್ದು ಜಾಸ್ತಿ” ಎಂದು ಅಕ್ಕನಿಗೆ ಕಣ್ಣು ಹೊಡೆಯುತ್ತಿದ್ದರು. ಅವರಿಗೆ ಒಂದು ನೇಮ ಇತ್ತು. ಗುಂಡು ಬಿದ್ದ ಮೇಲೆ, ಪ್ರಾಣಿ ಪೊದೆಗೆ ನುಗ್ಗಿದರೆ, ಕೂತು ಒಂದು ವೀಳ್ಯದೆಲೆ ಪೂರ್ತಿ ಜಗಿದು ಉಗಿಯುವವರೆಗೆ ಏಳುತ್ತಿರಲಿಲ್ಲ. ದೊರೆ ಬೈದರೂ ಏಳುತ್ತಿರಲಿಲ್ಲ. ಆ ಎಲೆಯ ಬಳ್ಳಿಯನ್ನು ಅಕ್ಕ ಬಾವಿಯ ಕಟ್ಟೆಯ ಪಕ್ಕದಲ್ಲಿ ಹಬ್ಬಿಸಿದ್ದಳು. ಬೇಟೆಗೆ ಹೊರಡುವ ಬೆಳಿಗ್ಗೆ ತಾನೇ ಕಿತ್ತು ಅವರ ಸೊಂಟದ ಚೀಲಕ್ಕೆ ಹಾಕುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ನಾನು ಮಿಟ್ಟಾದಾರರ ಮನೆಗೆ ಹೋಗಿದ್ದೆ. ರೈಫಲಿಗೆ ಎಣ್ಣೆ ಹಾಕಿ ಪೂಜೆಗೆ ಸಿದ್ಧ ಮಾಡುವುದು ಪ್ರತಿ ವರ್ಷ ನನ್ನ ಪಾಲಿನ ಕೆಲಸ. ಮರುದಿನ ವಿಜಯದಶಮಿ. ಅಂದು ಒಂದು ದೊಡ್ಡ ಪ್ರಾಣಿಯನ್ನು ಹೊಡೆಯುವುದು ಅವರ ಮನೆತನದ ಪದ್ಧತಿ. ಹೊಲಕ್ಕೆ ಇಳಿಯುವ ಒಂದು ಒಂಟಿ ಕಾಟಿಯ ಸುದ್ದಿಯನ್ನು ಬಾವ ಮೊದಲೇ ಕಳಿಸಿದ್ದರು. ನಾನು ಗಟ್ಟಿ ಗುಂಡಿನ ಹೊಸ ಡಬ್ಬಿ ತಂದಿದ್ದೆ. ಹಿಂದಿನ ಬೇಸಿಗೆಯಲ್ಲಿ ಉಳಿದ ಉಜ್ಜಿದ ತೋಟಾಗಳೂ ಮನೆಯಲ್ಲಿದ್ದವು. ಆಯುಧ ಎಂದ ಮೇಲೆ ಎಲ್ಲವೂ ಪೂಜೆಗೆ ಬರಬೇಕು. ಹಿತ್ತಾಳೆಯ ಹರಿವಾಣದಲ್ಲಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರು. ಪೂಜಾರಿಯವರು ಅರೆದ ಗಂಧದಲ್ಲಿ ಕುಂಕುಮ ಕಲಸಿ ಒಂದೊಂದರ ಮೂತಿಗೂ ಧಾರಾಳವಾಗಿ ಬಳಿದರು. ಅವರ ಬೆರಳು ಹರಿವಾಣದ ಈ ಬದಿಯಿಂದ ಆ ಬದಿಗೆ ಹೋಗುವುದನ್ನು ನಾನು ಕೈ ಮುಗಿದುಕೊಂಡು ನೋಡುತ್ತಿದ್ದೆ. ಮಂಗಳಾರತಿ ಆದ ಮೇಲೆ ಆಳು ಎಲ್ಲವನ್ನೂ ಬಾಚಿ ಒಂದೇ ಚೀಲಕ್ಕೆ ಹಾಕಿದ. ಆಗ ನನಗೆ ಹೊಳೆಯಿತು, ಎಲ್ಲದರ ಮೂತಿಯೂ ಕೆಂಪು.

ಆಗಲೇ ಹೇಳಬಹುದಿತ್ತು. ಊಟಕ್ಕೆ ಎಲೆ ಹಾಕಿದ್ದರು, ಹೋಗಿ ಕೂತೆ.

ಮರುದಿನ ಬೆಳಿಗ್ಗೆ ಮಿಟ್ಟಾದಾರರ ಮೋಟಾರಿನಲ್ಲಿ ಕಾಡಿನ ಅಂಚಿಗೆ ಹೋದೆವು. ಇಬ್ಬರು ಆಳುಗಳನ್ನು ಹಳ್ಳದ ಹತ್ತಿರ ಮೋಟಾರಿನ ಬಳಿಯೇ ಬಿಟ್ಟು, ನಾವು ಮೂವರು ನಡೆದೆವು. ಬಾವ ಮುಂದೆ, ರೈಫಲು ಹಿಡಿದ ಮಿಟ್ಟಾದಾರರು ಹಿಂದೆ, ಚೀಲ ಹೊತ್ತ ನಾನು ಕೊನೆಗೆ. ಕಾಟಿಯ ಹೆಜ್ಜೆ ಸಿಕ್ಕಿದ ಜಾಗದಲ್ಲಿ ಬಾವ ನಿಂತರು. ಮಿಟ್ಟಾದಾರರು ತೋಟಾ ಕೇಳಿದರು. ಐದು ತೆಗೆದೆ. ರಾತ್ರಿಯೆಲ್ಲ ಒಣಗಿದ ಗಂಧ ಮೂತಿಯ ಮೇಲೆ ಬಿರುಸಾಗಿ ಕೂತಿತ್ತು. ಹೆಬ್ಬೆರಳು ಆಡಿಸಿದೆ. ಏನೂ ತಿಳಿಯಲಿಲ್ಲ.

ಬಾವ ಆ ಕೆಂಪನ್ನು ನೋಡಿ ಹತ್ತಿರ ಬಂದರು.

“ಯಾವ್ದ್ಲಾ ಇವು? ಗಟ್ಟೀವಾ, ಉಜ್ಜಿದ್ವಾ?”

“ನಿನ್ನೆ ಪೂಜೆ ಮಾಡಿದ್ದು ಬಾವ, ಕುಂಕುಮ” ಎಂದೆ.

“ಕುಂಕ್ಮ ಅಂತ ನಂಗೂ ಕಾಣ್ತೈತೆ. ಒಳಗೆ ಯಾವ್ದು ಅಂತ ಕೇಳಿದ್ದು. ಒರ್ಸಿ ನೋಡು.”

ಮಿಟ್ಟಾದಾರರು ನಕ್ಕರು. “ಏನ್ ಮಾದಪ್ಪಾ, ಇವತ್ತು ವಿಜಯದಶಮಿ, ದೇವ್ರ ಕುಂಕ್ಮ ಒರ್ಸಿ ಬೇಟೆಗೆ ಓಗೋದಾ? ನಿನ್ನ ಭಾಮೈದ ತಕ್ಕಡಿ ಐತಲ್ಲ, ಅವನ್ನ ಕೇಳು. ಒರ್ಸೋದ್ಯಾಕೆ?”

ಬಾವ ನನ್ನ ಕಡೆಗೇ ನೋಡುತ್ತಿದ್ದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಸೆಲ್ವಂನ ಅರಕ್ಕಿಂತ ಜೋರಾಗಿದೆ.

“ನೋಡ್ಲಾ, ಮುಂದೆ ನಡ್ಯೋನು ನಾನು. ಉಜ್ಜಿದ್ದಾದ್ರೂ ಪರವಾಗಿಲ್ಲ. ಉಜ್ಜಿದ್ದು ಅಂತ ಗೊತ್ತಿದ್ರೆ ಬಂಡೆ ಮ್ಯಾಲಿಂದ ಸುತ್ತಾಕಿ ಓಯ್ತೀನಿ, ಮಧ್ಯಾನ್ನದ್ ತನಕ ಕಾಯ್ತೀನಿ. ಗಟ್ಟೀದು ಅಂದ್ರೆ ನೆಟ್ಟಗೆ ಓಯ್ತೀನಿ. ಗೊತ್ತಿಲ್ಲ ಅಂದ್ರೂ ಸರಿ, ಏಳ್ಬುಡು.”

ಗೊತ್ತಿಲ್ಲ ಎಂದರೂ ಸರಿ ಎಂದರು. ಆ ಮನುಷ್ಯ ನನ್ನಿಂದ ವಿದ್ಯೆ ಕೇಳಲಿಲ್ಲ, ಒಂದು ಮಾತು ಕೇಳಿದರು. ಉಗುರಿನಿಂದ ಗೀರಿದ್ದರೆ ಸಾಕಿತ್ತು. ಗೀರಿದ್ದರೆ, ಅಂಗೈಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಮಿಟ್ಟಾದಾರರಿಗೆ ತಿಳಿಯುತ್ತಿತ್ತು. ಅಷ್ಟೇ ನಷ್ಟ. ಹಜಾರದಲ್ಲಿ ಒಂದು ನಗೆ ಕಡಿಮೆಯಾಗುತ್ತಿತ್ತು.

ನಾನು ಒಂದೊಂದನ್ನೇ ಅಂಗೈಯಲ್ಲಿ ಇಟ್ಟು, ಕಣ್ಣು ಅರ್ಧ ಮುಚ್ಚಿ, ತೂಗಿದ ಹಾಗೆ ಮಾಡಿದೆ. ಆ ಅಭಿನಯವನ್ನು ನೆನೆದರೆ ಈ ಕೈಯನ್ನು ಕಲ್ಲಿಗೆ ಅಪ್ಪಳಿಸಬೇಕು ಎನಿಸುತ್ತದೆ.

“ಗಟ್ಟೀವೇ ಬಾವ. ಐದೂ ಗಟ್ಟೀವೇ.”

“ಸರಿ” ಎಂದರು ಬಾವ. ಹೆಂಡತಿಯ ತಮ್ಮನನ್ನು ನಂಬದೆ ಇನ್ನಾರನ್ನು ನಂಬಬೇಕು.

ಕಾಟಿ ಬಿದಿರಿನ ಮೆಳೆಯ ಪಕ್ಕದಲ್ಲಿ ಅಡ್ಡ ನಿಂತಿತ್ತು. ಮಂಡಿಯ ಕೆಳಗೆ ಬಿಳಿ, ಮೇಲೆಲ್ಲ ಎಣ್ಣೆ ಹಚ್ಚಿದ ಕಪ್ಪು. ನಾನು ಅಷ್ಟು ವರ್ಷ ಬಾಯಿಪಾಠ ಮಾಡಿದ್ದ ಪ್ರಾಣಿಯನ್ನು ಮೊದಲ ಸಲ ಕಂಡೆ, ಮತ್ತೆ ಯಾವತ್ತೂ ಕಾಣದಿರಲಿ. ಮಿಟ್ಟಾದಾರರು ಚೆನ್ನಾಗಿಯೇ ಹೊಡೆದರು. ಅದನ್ನು ಹೇಳಲೇಬೇಕು. ಗುಂಡು ಹೆಗಲಿಗೆ ಬಿದ್ದದ್ದು ನನ್ನ ಕಣ್ಣಿಗೇ ಕಂಡಿತು. ಪ್ರಾಣಿ ಮುಗ್ಗರಿಸಿತು, ಎದ್ದಿತು, ಲಂಟಾನದ ಪೊದೆಗೆ ನುಗ್ಗಿ ಮರೆಯಾಯಿತು.

ಬಾವ ಅಲ್ಲೇ ಕೂತರು. ಚೀಲದಿಂದ ಎಲೆ ತೆಗೆದು ಸುಣ್ಣ ಸವರಿ ಬಾಯಿಗಿಟ್ಟರು. ಮಿಟ್ಟಾದಾರರು ನಿಂತಲ್ಲಿ ನಿಲ್ಲಲಾರದೆ, “ಓಗಪ್ಪಾ, ಬಿದ್ದೈತೆ, ಓಗಿ ನೋಡು” ಎಂದು ಮೂರು ಸಲ ಅಂದರು. ಬಾವ ಬೆರಳೆತ್ತಿ ತಡೆಯಿರಿ ಎಂದು ತೋರಿಸಿ ಜಗಿಯುತ್ತಲೇ ಇದ್ದರು. ಪೂರ್ತಿ ಜಗಿದರು. ಉಗಿದರು. ಬಾಯಿ ಒರೆಸಿಕೊಂಡು ಎದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಕಾಟಿ ನಿಂತಿದ್ದ ಜಾಗಕ್ಕೆ ಹೋಗಿ ಅವರು ಎಲೆಗಳನ್ನು ತಿರುಗಿಸಿ ನೋಡಿದರು. ನಾನು ಹಿಂದೆಯೇ ಇದ್ದೆ.

“ರಕ್ತ ಒಂದೇ ಕಡೆ ಐತಲ್ಲಾ ಭಾಮೈದ. ಗಟ್ಟೀದಾದ್ರೆ ಆ ಕಡೀಕೂ ಇರ್ಬೇಕಲ್ಲ.”

ಅದು ಎರಡನೆಯ ಅವಕಾಶ. ದೇವರು, ಇದ್ದರೆ, ನನ್ನಂಥವನಿಗೂ ಎರಡು ಸಲ ಬಾಗಿಲು ತೆರೆದ. ನಾನು ಏನು ಹೇಳಿದೆ ಗೊತ್ತೇ? ಕ್ಯಾಟಲಾಗು ಒಪ್ಪಿಸಿದೆ. “ಆಚೆ ಹೆಗಲ ಮೂಳೆಗೆ ತಾಗಿ ತೊಗಲಿನಡಿ ನಿಂತಿರುತ್ತದೆ ಬಾವ. ಕೆಲವು ಸಲ ಹಾಗಾಗುವುದುಂಟು” ಎಂದೆ. ಧ್ವನಿ ತಗ್ಗಿಸಿ ಹೇಳಿದೆ.

“ಗಟ್ಟೀದಾದ್ರೆ ಇಷ್ಟೊತ್ಗೆ ಮುಗ್ದಿರ್ತದೆ” ಎಂದು ಬಾವ ನೆಟ್ಟಗೆ ಒಳಗೆ ನಡೆದರು. ಬಂಡೆಯ ಮೇಲಿನಿಂದ ಸುತ್ತಿ ಹೋಗಲಿಲ್ಲ.

ಮುಗಿದಿರಲಿಲ್ಲ. ಪೊದೆಯೊಳಗೆ ಅದು ನಿಂತು ಕಾಯುತ್ತಿತ್ತು. ನಾನು ಕೇಳಿದ್ದು ಕೊಂಬೆಗಳು ಮುರಿಯುವ ಸದ್ದು, ಆಮೇಲೆ ಬಾವನ ಒಂದು ಉಸಿರು. ಕೂಗು ಕೂಡ ಅಲ್ಲ. ಹೊರಗೆ ಬಂದ ಕಾಟಿಗೆ ಮಿಟ್ಟಾದಾರರು ಎರಡು ಗುಂಡು ಹೊಡೆದರು. ಎರಡನೆಯದು ಅದನ್ನು ನಿಂತಲ್ಲೇ ಕೆಡವಿ ಆಚೆ ಬದಿಯ ಬಿದಿರನ್ನು ಸೀಳಿಕೊಂಡು ಹೋಯಿತು. ಅದು ಉಜ್ಜದ ಗುಂಡು.

ಬಾವನನ್ನು ಹಳ್ಳದ ಹತ್ತಿರ ತಂದು ಮಲಗಿಸಿದಾಗ ಜೀವ ಇರಲಿಲ್ಲ.

ಮಧ್ಯಾಹ್ನ ಕಾಟಿಯನ್ನು ಕೊಯ್ದವರು ಹೆಗಲ ಮೂಳೆಯಿಂದ ಒಂದು ಲೋಹದ ಚೂರನ್ನು ಕಿತ್ತು, ತೋಟಾ ಮನುಷ್ಯ ನಾನೇ ಅಲ್ಲವೇ ಎಂದು ನನ್ನ ಕೈಗೆ ಕೊಟ್ಟರು. ದತ್ತೂರಿಯ ಒಣ ಕಾಯಿ ಒಡೆದ ಹಾಗೆ ಬಿರಿದು ಚಪ್ಪಟೆಯಾಗಿತ್ತು. ಬಿರಿದ ಅಂಚಿನಲ್ಲಿ ಓರೆಯಾದ ಸಣ್ಣ ಗೀರುಗಳು. ಮಾವ ಕಲಿಸಿದ ಅರದ ಏಟು. ನನ್ನ ರುಜು ನನಗೆ ಗೊತ್ತಾಗುವುದಿಲ್ಲವೇ. ಅದನ್ನು ಜೇಬಿಗೆ ಹಾಕಿಕೊಂಡೆ.

ಹಳ್ಳಿಯ ಸಾವುನೋವು ವಿಚಾರಿಸುವ ಗ್ರಾಮ ಮುನ್ಸೀಫರು ಬಂದರು. ಮಿಟ್ಟಾದಾರರು ಅವರಿಗೆ, “ನಾನು ನಿಲ್ಲು ನಿಲ್ಲು ಅಂತ ಇದ್ದೀನಿ, ಕೇಳ್ಳಿಲ್ಲ, ಓಡೋಗಿಬಿಟ್ಟ” ಎಂದು ಹೇಳಿ ನನ್ನ ಕಡೆ ತಿರುಗಿದರು. “ಅಂಗೇ ತಾನೇ?”

ಅವರು ಹೇಳಿದ್ದು ಯಾಕೆಂದು ನನಗೆ ಗೊತ್ತು. ಹೋಗು ಹೋಗು ಎಂದು ಅವಸರಪಡಿಸಿದವರು ಅವರು. ನಾನು ಒಪ್ಪಿದ್ದು ಯಾಕೆಂದೂ ಗೊತ್ತು. ಬಾವ ಕಾದರು ಎಂದರೆ, ಅಷ್ಟು ಕಾದರೂ ಪ್ರಾಣಿ ಯಾಕೆ ಸಾಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಗುಂಡು ಯಾವುದು ಎಂದು ಕೇಳುತ್ತಾರೆ. ನನಗೆ ಅವರ ಸುಳ್ಳು ಬೇಕಿತ್ತು, ಅವರಿಗೆ ನನ್ನದು. “ಹೌದು” ಎಂದೆ. ಅಷ್ಟೇ ಅಲ್ಲ, ಇಂಗ್ಲಿಷು ಬಲ್ಲವನೆಂದು ಹೇಳಿಕೆಯನ್ನು ನನ್ನ ಕೈಯಿಂದಲೇ ಬರೆಸಿದರು. ಮೃತನು ಎಚ್ಚರಿಕೆಯನ್ನು ಲೆಕ್ಕಿಸದೆ ಅವಸರದಿಂದ ಮುನ್ನುಗ್ಗಿದನು ಎಂದು ದುಂಡಾದ ಅಕ್ಷರದಲ್ಲಿ ಬರೆದೆ. ವ್ಯಾಕರಣ ದೋಷ ಒಂದೂ ಇರಲಿಲ್ಲ.

ನಾನೇ ಹೋಗಿ ಅಕ್ಕನಿಗೂ ಹಾಗೆಯೇ ಹೇಳಿದೆ. ಅವಳು ಅಳಲಿಲ್ಲ. ಎದ್ದು ಹೋಗಿ ಬಾವಿಯ ಕಟ್ಟೆಯ ವೀಳ್ಯದ ಬಳ್ಳಿಯನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದಳು. “ಒಂದು ಎಲೆ ಜಗಿಯೋವಷ್ಟು ಕಾಯ್ನಿಲ್ಲ. ಮಿಕ್ಕೋರಿಗೆಲ್ಲ ತಾಳು ತಾಳು ಅನ್ನೋನು, ನಂಗೋಸ್ಕರ ಒಂದು ಎಲೆ ಕಾಯ್ನಿಲ್ಲ” ಎಂದಳು. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕಾರಿಮಂಗಲಂ ಕಡೆಯ ನಮ್ಮ ಹಳ್ಳಿಗೆ ಬಂದಳು. ಅಂದಿನಿಂದ ಆ ಮನುಷ್ಯನನ್ನು ಬೈಯುತ್ತಲೇ ಬದುಕಿದಳು. ಮಗಳು ಮುಗ್ಗರಿಸಿದರೆ, “ಅಪ್ಪನ ತರ ಅವಸರ.” ಹಾಲು ಉಕ್ಕಿದರೆ, “ಆ ಅವಸರದೋನ ಮನೆ ಹಾಲು.” ಮೊಮ್ಮಕ್ಕಳಿಗೂ ಅಜ್ಜನೆಂದರೆ ಅವಸರದ ಮನುಷ್ಯ ಎಂದೇ ಗೊತ್ತು. ನಾನು ಆ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿದ್ದೇನೆ. ಲೋಟ ಕೆಳಗಿಟ್ಟು ಬಾಯಿ ತೆರೆದದ್ದೂ ಉಂಟು. ಮತ್ತೆ ಲೋಟ ಎತ್ತಿಕೊಂಡಿದ್ದೇನೆ.

ಅಂಗಡಿಯನ್ನು ಆ ತಿಂಗಳೇ ಬಿಟ್ಟೆ. ಆಮೇಲೆ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅಲ್ಲಿ ತೂಗಲು ದೊಡ್ಡ ಯಂತ್ರ ಇತ್ತು. ಬೇಟೆಯ ಕಥೆ ಹೇಳುವವರನ್ನು ಕಂಡರೆ ಎದ್ದು ಹೋಗುತ್ತೇನೆ. ಅವರ ಕಥೆಗಳಲ್ಲಿ ಗುಂಡು ಹೊಡೆದವನ ಹೆಸರಿರುತ್ತದೆ, ಪ್ರಾಣಿಯ ಕೊಂಬಿನ ಅಳತೆ ಇರುತ್ತದೆ, ಮುಂದೆ ನಡೆದವನ ಹೆಸರು ಮಾತ್ರ ಇರುವುದಿಲ್ಲ. ಮಿಟ್ಟಾದಾರರು ಆ ಕೊಂಬುಗಳನ್ನು ಹಜಾರದಲ್ಲಿ ತೂಗುಹಾಕಿಸಿದರು ಎಂದು ಕೇಳಿದೆ. ಅವರು ಹಾಸಿಗೆಯ ಮೇಲೆ ಸುಖವಾಗಿ ಸತ್ತರು. ಅವರ ಮೇಲೆ ಸಿಟ್ಟು ಮಾಡುವುದು ಸುಲಭ, ಬಹಳ ವರ್ಷ ಅದನ್ನೇ ಮಾಡಿದೆ. ಆದರೆ ಆ ಬೆಳಿಗ್ಗೆ ಅವರಿಗೆ ಗುಂಡು ಯಾವುದೆಂದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಗೊತ್ತಿದ್ದವನು ನಾನೊಬ್ಬನೇ.

ಸೆಲ್ವಂನ ಮೇಲೆ ಕೂಗಾಡಿದ ಮರುದಿನ ನಾನು ಪೆಟ್ಟಿಗೆಯ ತಳದ ನಶ್ಯದ ಡಬ್ಬಿಯಿಂದ ಆ ಚೂರನ್ನು ತೆಗೆದುಕೊಂಡು ಬಸ್ಸು ಹತ್ತಿದೆ. ಓಮಲೂರು ದಾಟುವಾಗ ಇಳಿದುಬಿಡೋಣ ಎನಿಸಿತು. ಧರ್ಮಪುರಿಯಲ್ಲೂ ಎನಿಸಿತು. ಮುದುಕನೆಂದು ಯಾರೋ ಕಿಟಕಿಯ ಜಾಗ ಬಿಟ್ಟುಕೊಟ್ಟರು. ಆ ಮರ್ಯಾದೆಗೂ ಸಿಟ್ಟು ಬಂತು.

ಅಕ್ಕ ಮಗಳ ಮನೆಯ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಕಣ್ಣು ಮಂಜು, ಕೈ ಮಾತ್ರ ಚುರುಕು. ಮಗಳು ಹೊಲಕ್ಕೆ ಹೋಗಿದ್ದಳು.

“ಬಾರೋ ತಮ್ಮ. ಏನೋ ಇದ್ದಕ್ಕಿದ್ದಂಗೆ? ಉಂಡ್ಯಾ?”

ನಿಂತುಕೊಂಡೇ ಹೇಳಿದೆ. ಕೂತರೆ ಲೋಟ ಕೈಗೆ ಬರುತ್ತದೆಂದು ಭಯ. ಅರಗು, ಕುಂಕುಮ, ಹೆಬ್ಬೆರಳಿನ ಮೋಸ, ಐದೂ ಗಟ್ಟಿ ಎಂದದ್ದು, ಒಂದೇ ಕಡೆಯ ರಕ್ತ, ಹೇಳಿಕೆ, ಎಲ್ಲವನ್ನೂ ಹೇಳಿದೆ. ಚೂರನ್ನು ಅವಳ ಕೈಯಲ್ಲಿಟ್ಟೆ. ಅವಳು ಹುಣಸೆಯ ಅಂಟು ಹತ್ತಿದ ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದಳು. ಬಹಳ ಹೊತ್ತು ಸವರಿದಳು.

“ಎಲೆ ಆಕ್ಕೊಂಡ್ರಾ?” ಎಂದಳು.

“ಹಾಕಿಕೊಂಡರು.”

“ಪೂರ್ತಿ ಜಗಿದ್ರಾ?”

“ಪೂರ್ತಿ ಜಗಿದು, ಉಗಿದು, ಬಾಯಿ ಒರೆಸಿಕೊಂಡು ಎದ್ದರು. ದೊರೆ ಮೂರು ಸಲ ಹೋಗು ಎಂದರೂ ಏಳಲಿಲ್ಲ.”

“ಅಂಗಾದ್ರೆ ಕಾದವ್ರೆ.”

“ಕಾದಿದ್ದರು ಅಕ್ಕ.”

ಅವಳು ಸುತ್ತಿಗೆಯನ್ನು ಪಕ್ಕಕ್ಕಿಟ್ಟಳು. “ಐವತ್ತು ವರ್ಷ ಬೈದಿದ್ದೀನಲ್ಲೋ ಆ ಮನುಷ್ಯನ್ನ. ದಿನಾ ಬೈದಿದ್ದೀನಿ. ಮಗು ಬಾಯಲ್ಲೂ ಬೈಸಿದ್ದೀನಿ.” ದನಿ ಎತ್ತರಿಸಲಿಲ್ಲ. “ಅದೆಲ್ಲಾ ನಿಂದು. ಎತ್ಕೊಂಡೋಗು.”

ನಾನು ಕಾಲಿಗೆ ಬೀಳಲು ಬಾಗಿದೆ. “ಮು‌ಟ್‌ಬ್ಯಾಡ” ಎಂದಳು. “ನನ್ ಮಗ್ಳು ಸಾಯಂಕಾಲ ಬತ್ತಾಳೆ. ಅವ್ಳಿಗೂ ಇದನ್ನೇ ಏಳ್ಬುಟ್ಟು ಓಗು. ನಾನು ಏಳಕ್ಕಿಲ್ಲ. ನೀನೇ ಏಳ್ಬೇಕು.”

ಜಗಲಿಯ ಮೇಲೆ ಸಾಯಂಕಾಲದವರೆಗೆ ಕೂತಿದ್ದೆ. ಊಟಕ್ಕೆ ಕರೆಯಲಿಲ್ಲ, ಅದು ನ್ಯಾಯ. ಅವಳು ಒಮ್ಮೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತು, ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದುದು ಕೇಳಿಸಿತು. ಬೈಗುಳ ಆಗಿರಲಿಲ್ಲ. ಮಗಳು ಬಂದಳು. ಅವಳಿಗೂ ಹೇಳಿದೆ. ಅವಳ ಮುಖವನ್ನು ನಿಮಗೆ ಬಣ್ಣಿಸಲಾರೆ. ಚೂರನ್ನು ಅಕ್ಕ ವಾಪಸು ಕೊಡಲಿಲ್ಲ. ಕ್ಷಮಿಸಿದೆ ಎಂದು ಯಾರೂ ಹೇಳಲಿಲ್ಲ. ನೀವೂ ಹೇಳಬೇಡಿ.

ಇವತ್ತು ಬೆಳಿಗ್ಗೆ ಏಳಕ್ಕೆ ಅರದ ಸದ್ದು ಕೇಳಿಸಲಿಲ್ಲ. ಹೊರಗೆ ಬಂದು ನೋಡಿದರೆ ಸೆಲ್ವಂ ನನ್ನ ಬಾಗಿಲಿನಿಂದ ದೂರ, ಜಗಲಿಯ ಆ ತುದಿಗೆ ಹೋಗಿ, ಬೆನ್ನು ಹಾಕಿ ಕೂತು ಮೆಲ್ಲಗೆ ಉಜ್ಜುತ್ತಿದ್ದ. ಹೋಗಿ ಅವನ ಪಕ್ಕದಲ್ಲಿ ಕೂತೆ.

“ಸದ್ದು ಜಾಸ್ತಿ ಆಯ್ತಾ ತಾತಾ?”

“ಇಲ್ಲ, ಉಜ್ಜು” ಎಂದೆ. ಅಂದಿನ ಗೆಜ್ಜೆಯನ್ನು ಕೇಳಿದೆ. ಅವನು ಅನುಮಾನದಿಂದಲೇ ಕೊಟ್ಟ. ಅಂಗೈಯಲ್ಲಿ ಇಟ್ಟುಕೊಂಡೆ. ತಣ್ಣಗಿತ್ತು. ಹೆಬ್ಬೆರಳನ್ನು ಆಚೆ ಚಾಚಿ ಇಟ್ಟೆ. ಅವನು ಕಣ್ಣರಳಿಸಿ ಕಾಯುತ್ತಿದ್ದ.

“ಎಷ್ಟೈತೆ ತಾತಾ?”

“ಗೊತ್ತಿಲ್ಲ” ಎಂದೆ. “ಯಾವತ್ತೂ ಗೊತ್ತಿರಲಿಲ್ಲಪ್ಪ. ತಕ್ಕಡಿಗೆ ಹಾಕು.”